ಜಡೆ ಪುಡಿಯ ಲೇಬಲ್ಲು

ಆ ಮನೆಯ ಅಡುಗೆಕೋಣೆಯ ಗೋಡೆ ಯಾವ ಬಣ್ಣದ್ದಾಗಿತ್ತು ಎಂದು ಯಾರಾದರೂ ಕೇಳಿದರೆ ನನಗೆ ಹೇಳಲಾಗುವುದಿಲ್ಲ. ಬಣ್ಣವೇ ನನಗೆ ಅನ್ನ ಕೊಡುತ್ತಿದ್ದ ಕಾಲದಲ್ಲಿ ಆ ಗೋಡೆಯ ಎದುರು ಕುಳಿತು ಲೆಕ್ಕವಿಲ್ಲದಷ್ಟು ಸಲ ಕಾಫಿ ಕುಡಿದಿದ್ದೇನೆ. ಒಮ್ಮೆ ತಿಳಿಹಸಿರು ಎನ್ನಿಸುತ್ತದೆ, ಇನ್ನೊಮ್ಮೆ ಬರೀ ಸುಣ್ಣ ಎನ್ನಿಸುತ್ತದೆ. ಆದರೆ ಆ ಗೋಡೆಗೆ ಮುಖ ಮಾಡಿ ಕಾಫಿಬೀಜ ಪುಡಿ ಮಾಡುತ್ತಿದ್ದ ಹೆಂಗಸಿನ ಬೆನ್ನನ್ನು, ಕೈಮಿಷನ್ನಿನ ಹಿಡಿ ತಿರುಗಿಸುವಾಗ ಎಡಕ್ಕೆ ಸರಿಯುತ್ತಿದ್ದ ಅವರ ಜಡೆಯನ್ನು ಈಗಲೂ ಕಣ್ಣುಮುಚ್ಚಿ ಬರೆಯಬಲ್ಲೆ. ನನಗೆ ನೆನಪಿರುವುದು ಅವರೋ, ನಾನು ಬರೆದ ಅವರ ಚಿತ್ರವೋ ಎಂಬುದನ್ನು ಮಾತ್ರ ಖಚಿತವಾಗಿ ಹೇಳಲಾರೆ. ಕಂಡದ್ದನ್ನೆಲ್ಲ ಗೆರೆಗೆ ಇಳಿಸಿದವನಿಗೆ ಕೊನೆಗೆ ಗೆರೆಯೇ ಉಳಿಯುತ್ತದೆ, ಕಂಡದ್ದು ಹೊರಟುಹೋಗುತ್ತದೆ.

ಕೊಡಗು ಆಗ ತನ್ನದೇ ಮಂತ್ರಿಗಳಿದ್ದ ಒಂದು ಪುಟ್ಟ ರಾಜ್ಯ. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಸೋಮವಾರಪೇಟೆಗೆ ಮರಳಿದ್ದೆ. ಯಾವುದಾದರೂ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಲಿ, ಇಲ್ಲವೇ ಮಡಿಕೇರಿಯ ಕಚೇರಿಯಲ್ಲಿ ಗುಮಾಸ್ತನಾಗಲಿ ಎಂದು ಮನೆಯವರ ಆಸೆ. ನಾನು ಬಸ್ಸು ನಿಲ್ಲುವ ಜಾಗದ ಹತ್ತಿರ ಒಂದು ಕೋಣೆ ಹಿಡಿದು, ಊರಿನ ಅಂಗಡಿಗಳಿಗೆ ಬೋರ್ಡು, ಲೇಬಲ್ಲು, ನಾಟಕದವರಿಗೆ ಕರಪತ್ರ, ಬ್ಯಾಂಡಿನವರಿಗೆ ಅವರ ಹೆಸರಿನ ಚಿತ್ರ ಬರೆದುಕೊಡಲು ಕುಳಿತೆ. ಮಲಯಾಳಿ ಹೋಟೆಲಿನವರಿಗೆ ಅವರ ಲಿಪಿಯಲ್ಲಿ ಬೋರ್ಡು ಬೇಕಿತ್ತು. ಆ ಲಿಪಿ ನನಗೆ ಓದಲು ಬಾರದು. ಅವರು ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಬಳ್ಳಿ ಬರೆದ ಹಾಗೆ ನೋಡಿ ನೋಡಿ ಬರೆದೆ. ಬೋರ್ಡು ನೇತುಹಾಕಿದ ದಿನ ಅವರು ಓದಿ ನಕ್ಕರು. ಯಾಕೆ ನಕ್ಕರೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಸೋಡಾ ಫ್ಯಾಕ್ಟರಿಯ ಸಾಹೇಬರು ಹುಲಿ ಬರೆಸಿ, ಅದರ ಮುಖ ತಮ್ಮ ಮಾವನ ಹಾಗಿದೆ ಎಂದು ಮೀಸೆ ತೆಗೆಸಿದರು. ಬಿ.ಎ. ಓದಿ ಗೋಡೆ ಬಳಿಯುತ್ತಾನೆ ಎಂದು ಊರು ಆಡಿಕೊಂಡಿತು. ಆದರೂ ಕೆಲಸ ಬರುತ್ತಿತ್ತು. ಒಬ್ಬ ಅಂಗಡಿಯವನ ಗುಟ್ಟನ್ನು, ಅವನು ಹೊರಡಿಸಲಿರುವ ಹೊಸ ಮಾಲಿನ ಹೆಸರನ್ನು, ಇನ್ನೊಬ್ಬನಿಗೆ ಹೇಳದವನು ಎಂದು ನನಗೆ ಹೆಸರಿತ್ತು. ಚಿಕ್ಕ ಊರಿನಲ್ಲಿ ಈ ಕಸುಬಿಗೆ ಕೈಚಳಕಕ್ಕಿಂತ ಹೆಚ್ಚಾಗಿ ಬೇಕಾದದ್ದು ಅದು.

ನನ್ನ ಗೆಳೆಯ ಕ್ಲಾರಿಯೊನೆಟ್ ನುಡಿಸುವವನು. ಅವನ ಅಪ್ಪ ಮದುವೆಗಳಲ್ಲಿ ಓಲಗ ಊದಿದವರು. ಇವನು ಓಲಗ ಬಿಟ್ಟು ಕ್ಲಾರಿಯೊನೆಟ್ ಹಿಡಿದು, ತುತ್ತೂರಿ, ಸಣ್ಣ ಡ್ರಮ್ಮು, ದೊಡ್ಡ ಡ್ರಮ್ಮುಗಳನ್ನು ಸೇರಿಸಿ ಬ್ಯಾಂಡ್‌ಸೆಟ್ ಕಟ್ಟಿದ್ದ. ನಾನು ಊರಿಗೆ ಬಂದ ಮೇಲೆ ಮೊದಲು ಕೆಲಸ ಕೊಟ್ಟವನು ಅವನೇ. ಅವನ ಬ್ಯಾಂಡಿನ ಕರಪತ್ರಕ್ಕೆ ನಾನು ಚಿತ್ರ ಬರೆಯುವುದು, ಅವನು ನನ್ನ ಕೋಣೆಯ ಹಲಗೆಯ ಮೇಲೆ ಮಲಗಿ ಹೊಸ ರಾಗ ಊದುವುದು, ಹೀಗೆ ದಿನಗಳು ಹೋಗುತ್ತಿದ್ದವು. ಅವನಿಗೆ ಒಂದೇ ಕೊರಗು. ಮಡಿಕೇರಿಯ ಬ್ಯಾಂಡಿನವರಿಗೆ ಹಿತ್ತಾಳೆ ಗುಂಡಿಯ ಕೋಟುಗಳಿದ್ದವು. ಇವನ ಕಡೆಯವರು ಅವರವರ ಮನೆಯ ಅಂಗಿಯಲ್ಲೇ ನುಡಿಸುತ್ತಿದ್ದರು. "ಇದು ಬ್ಯಾಂಡಾ, ಸಂತೆಗೆ ಹೊಂಟಿರೋ ಜನವಾ" ಎಂದು ಯಾವುದೋ ಮದುವೆಯಲ್ಲಿ ಗಂಡಿನ ಕಡೆಯವರು ಕೇಳಿದ್ದನ್ನು ಅವನು ನಗುತ್ತಲೇ ಹೇಳುತ್ತಿದ್ದ, ಆದರೆ ಮತ್ತೆ ಮತ್ತೆ ಹೇಳುತ್ತಿದ್ದ.

ಅವನ ಮನೆಯಲ್ಲಿದ್ದವರು ಅವನು ಮತ್ತು ಅವನ ಅಕ್ಕ. ಅಕ್ಕ ಗಂಡನ ಮನೆಗೆ ಹೋಗಿ ಮರಳಿ ಬಂದವರು. ಯಾಕೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಊರು ಮಾತ್ರ ಕೇಳುತ್ತಲೂ ಹೇಳುತ್ತಲೂ ಇತ್ತು. ನಾನೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಕಿಟಕಿಯ ಹಲಗೆಗೆ ತಿರುಪು ಹಾಕಿ ಕೂರಿಸಿದ ಕಾಫಿಪುಡಿಯ ಕೈಮಿಷನ್ನು ಅವರದು. ನಾವು ಮಾತನಾಡುತ್ತ ಕುಳಿತಿರುವಾಗ ಅವರು ಗೋಡೆಗೆ ಮುಖ ಮಾಡಿ ಬೀಜ ಪುಡಿ ಮಾಡುತ್ತಿದ್ದರು. ನಮ್ಮ ಮಾತಿಗೆ ಅಲ್ಲಿಂದಲೇ ಉತ್ತರ ಬರುತ್ತಿತ್ತು. ತಿರುಗಿ ನೋಡುತ್ತಿದ್ದುದು ಕಡಿಮೆ. ಬೇಸರವಿಲ್ಲದ ಬೆನ್ನು ಅದು. ಹಾಗೆ ಬರೆಯಬಹುದೇ ಎಂದು ಈಗ ಅನುಮಾನವಾಗುತ್ತದೆ. ಅದರ ಬೇಸರ ನನಗೇನು ಗೊತ್ತಿತ್ತು.

ಪೇಟೆಯ ಸಾಹುಕಾರರೊಬ್ಬರು ಏಲಕ್ಕಿ ವ್ಯಾಪಾರದ ಜೊತೆಗೆ ಕಾಫಿಪುಡಿಯನ್ನೂ ಪೊಟ್ಟಣ ಕಟ್ಟಿ ಮಾರಲು ಹೊರಟರು. ಲೇಬಲ್ಲಿಗೆ ನನ್ನನ್ನು ಕರೆಸಿದರು. ಹೆಂಗಸಿನ ಚಿತ್ರ ಇರಲಿ, ಮನೆಯ ಕಳೆ ಇರಲಿ ಎಂದರು. ನಾನು ಯೋಚಿಸಬೇಕಾಗಿಯೇ ಬರಲಿಲ್ಲ. ಇಂಡಿಯನ್ ಇಂಕಿನಲ್ಲಿ, ದಪ್ಪ ಡ್ರಾಯಿಂಗ್ ಹಾಳೆಯ ಮೇಲೆ, ಕಿಟಕಿ, ಮಿಷನ್ನು, ಬೆನ್ನು, ಜಡೆ ಬರೆದೆ. ನಾನು ಅದುವರೆಗೆ ಬರೆದದ್ದರಲ್ಲಿ ಅದೇ ಚೆನ್ನಾಗಿತ್ತು. ಬಹುಶಃ ಆಮೇಲೆ ಬರೆದದ್ದರಲ್ಲೂ ಅದೇ ಇರಬಹುದು.

ಸಾಹುಕಾರರು ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಕೈ ಚೆನ್ನಾಗೈತೆ ಕಣಯ್ಯ. ಆದ್ರೆ ಈಯಮ್ಮ ಬೆನ್ನು ಹಾಕಿ ಕೂತವ್ಳೆ. ಅಂಗಡಿಗೆ ಬೆನ್ನು ತೋರ್ಸೋ ಹೆಣ್ಣನ್ನ ನಾನು ಪೊಟ್ಟಣದ ಮೇಲೆ ಅಂಟಿಸ್ಲಾ? ಲಕ್ಷ್ಮಿ ಎದ್ದು ಹೊಂಟಂಗೆ ಕಾಣ್ತದೆ" ಎಂದರು. ಅವರ ಗಲ್ಲಾಪೆಟ್ಟಿಗೆಯ ಮೇಲಿನ ಪಟದಲ್ಲಿ ಲಕ್ಷ್ಮಿ ಬಾಗಿಲಿಗೆ ಮುಖ ಮಾಡಿ ಕುಳಿತಿದ್ದಳು. ಹೊರಗೆ ಬೀದಿಯಲ್ಲಿ ನಿಂತವರಿಗೂ ಅವಳ ಕಣ್ಣು ಕಾಣುತ್ತಿತ್ತು. ನಾನು ವಾದ ಮಾಡಲಿಲ್ಲ. ಇನ್ನೊಂದು ಬರೆದೆ. ಅದರಲ್ಲಿ ಹೆಂಗಸು ನಮ್ಮ ಕಡೆ ತಿರುಗಿ ನಗುತ್ತಿದ್ದಳು. ಯಾರ ಮುಖವೂ ಅಲ್ಲದ, ಎಲ್ಲ ಕ್ಯಾಲೆಂಡರುಗಳಲ್ಲೂ ಇರುವ ಮುಖ. ಸಾಹುಕಾರರಿಗೆ ತುಂಬ ಹಿಡಿಸಿತು. ಅಚ್ಚು ಹಾಕುವ ಲೋಹದ ಬ್ಲಾಕ್ ಮಾಡಿಸಲು ಅದನ್ನು ಮೈಸೂರಿಗೆ ಕಳಿಸಿದೆವು. ಬೇಡವಾದ ಚಿತ್ರವನ್ನು ಏನಾದರೂ ಮಾಡಿಕೋ ಎಂದು ಅವರು ನನಗೇ ಮರಳಿಸಿದರು.

ನಾನು ಅದನ್ನು ಗೆಳೆಯನ ಮನೆಗೆ ಒಯ್ದೆ. ಅಕ್ಕ ಕೈ ಒರೆಸಿಕೊಂಡು ಬಂದು ನೋಡಿದರು. ಜಡೆಯ ಗೆರೆಯ ಮೇಲೆ ಬೆರಳಾಡಿಸಿದರು. ಆಮೇಲೆ, "ನನ್ನ ಬೆನ್ನ ನಾನೇ ನೋಡಿರ್ಲಿಲ್ಲ ನೋಡು" ಎಂದರು. ಗೆಳೆಯ, "ಇಷ್ಟು ಉದ್ದ ಜಡೆ ನಿಂಗೆಲ್ಲೈತೆ, ಬಿ.ಎ. ಓದ್ದೋನು ಸುಳ್ಳು ಬರ್ದವ್ನೆ" ಎಂದು ರೇಗಿಸಿದ. ಅಕ್ಕ ಅವನ ತಲೆಗೆ ಮೊಟಕಿದರು. ಒಲೆಯ ಹೊಗೆ ತಾಗದ ಮೂಲೆಯಲ್ಲಿ ಅದನ್ನು ಸಣ್ಣ ಮೊಳೆಗಳಿಂದ ಗೋಡೆಗೆ ಹೊಡೆದೆವು. ನಾನು ಹೊರಡುವಾಗ ಅಕ್ಕ ಬಾಗಿಲ ತನಕ ಬಂದರು. "ಇದು ಈ ಮನೆ ಬಿಟ್ಟು ಹೋಗ್ಬಾರ್ದು ಕಣಪ್ಪ. ಊರ ಬಾಯಿಗೆ ನಾನು ಆಗ್ಲೇ ಸಾಕಷ್ಟು ಕೊಟ್ಟಿದೀನಿ" ಎಂದರು. ಇದರ ಇನ್ನೊಂದು ಪ್ರತಿ ನನ್ನ ಹತ್ತಿರ ಇಲ್ಲ, ಮುಂದೆ ಬರೆಯುವುದೂ ಇಲ್ಲ ಎಂದು ಮಾತು ಕೊಟ್ಟೆ.

ಆ ವರ್ಷದ ಆಯುಧಪೂಜೆಯೂ ಅವರ ಮನೆಯಲ್ಲೇ. ನನ್ನ ಬಾಡಿಗೆ ಕೋಣೆಯಲ್ಲಿ ದೇವರ ಗೂಡು ಇರಲಿಲ್ಲವಾದ್ದರಿಂದ ನನ್ನ ಬ್ರಷ್ಷುಗಳು, ಅಡಿಕೋಲು, ಇಂಕಿನ ಸೀಸೆ ಪ್ರತಿ ವರ್ಷ ಅವನ ಕ್ಲಾರಿಯೊನೆಟ್ಟಿನ ಪಕ್ಕದಲ್ಲಿ ಕೂರುತ್ತಿದ್ದವು. ಅಕ್ಕ ಎಲ್ಲಕ್ಕೂ ಕುಂಕುಮ ಇಡುತ್ತಾ ಬಂದರು. ಡ್ರಮ್ಮಿಗೆ, ಕುಡುಗೋಲಿಗೆ, ಈಳಿಗೆಮಣೆಗೆ, ಕೈಮಿಷನ್ನಿಗೆ. ಗೋಡೆಯ ಚಿತ್ರದ ಮುಂದೆ ನಿಂತು ಒಂದು ಕ್ಷಣ ಯೋಚಿಸಿದರು. "ಇದ್ರಲ್ಲೂ ಮಿಷನ್ನು ಐತಲ್ಲ" ಎಂದು, ಚಿತ್ರದಲ್ಲಿದ್ದ ಮಿಷನ್ನಿನ ಹೊಟ್ಟೆಯ ಮೇಲೆ ಬೆರಳಿನಿಂದ ಒಂದು ಬೊಟ್ಟಿಟ್ಟರು. ಒದ್ದೆ ಕುಂಕುಮ. ಹಾಳೆ ಹೀರಿಕೊಂಡಿತು. ಚಿತ್ರ ಕೆಟ್ಟಿತಲ್ಲ ಎಂದು ನನಗೆ ಒಳಗೊಳಗೇ ಚುರುಕ್ಕೆಂದಿತು. ನನ್ನ ಮುಖ ನೋಡಿದ ಗೆಳೆಯ, "ಹೋಗ್ಲಿ ಬಿಡು, ನಿನ್ನ ರುಜು ಇಲ್ದೇ ಇದ್ರೂ ಅವಳ ರುಜು ಬಿತ್ತು" ಎಂದ.

ಚಳಿಗಾಲದಲ್ಲಿ ಅವನು ಕ್ಲಾರಿಯೊನೆಟ್ಟಿನ ಬಾಯಿಗೆ ಹಾಕುವ ರೀಡು ಕೊಳ್ಳಲು ಮೈಸೂರಿಗೆ ಹೊರಟ. ಚಿತ್ರಕ್ಕೆ ಗಾಜು, ಚೌಕಟ್ಟು ಹಾಕಿಸಿಕೊಂಡು ಬರುತ್ತೇನೆ, ಇಲ್ಲವಾದರೆ ಹೊಗೆ ಹಿಡಿಯುತ್ತದೆ ಎಂದ. ಅಕ್ಕ ಒಲ್ಲದ ಮನಸ್ಸಿನಿಂದ ಮೊಳೆ ಕಿತ್ತು ಕೊಟ್ಟರಂತೆ. ಕೆಲವು ದಿನ ಬಿಟ್ಟು ಅವನು ಬಂದ. ಚಿತ್ರ ಒಳ್ಳೆಯ ಕರಿಮರದ ಚೌಕಟ್ಟಿನಲ್ಲಿ ಮತ್ತೆ ಅದೇ ಮೂಲೆ ಸೇರಿತು. ನಾನು ಚೌಕಟ್ಟನ್ನು ಹೊಗಳಿದ್ದು ನೆನಪಿದೆ. ಅವನು ಆ ಹೊಗಳಿಕೆಯನ್ನು ಹೇಗೆ ತೆಗೆದುಕೊಂಡ, ಅವನ ಮುಖದಲ್ಲಿ ಏನಾದರೂ ಇತ್ತೇ ಎಂದು ಎಷ್ಟೋ ಸಲ ಹುಡುಕಿದ್ದೇನೆ. ಏನೂ ಸಿಗುವುದಿಲ್ಲ. ಸಿಕ್ಕರೂ ನಂಬಬಾರದು. ಆಮೇಲೆ ತಿಳಿದದ್ದನ್ನು ಹಿಂದಿನ ಮುಖಗಳ ಮೇಲೆ ಬಳಿಯುವುದು ಮನಸ್ಸಿಗೆ ಬಹಳ ಸುಲಭ.

ಮದುವೆಯ ಕಾಲ ಬಂತು. ಪೇಟೆಯ ಒಂದು ದೊಡ್ಡ ಮನೆಯ ದಿಬ್ಬಣ. ನಾನು ದರ್ಜಿಯ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದೆ. ಬ್ಯಾಂಡಿನ ಸದ್ದು ಮೊದಲು ಬಂತು, ಆಮೇಲೆ ಕೋಟುಗಳು ಬಂದವು. ಕಡುಗೆಂಪು ಬಣ್ಣ, ಹಿತ್ತಾಳೆ ಗುಂಡಿ, ಹೆಗಲ ಮೇಲೆ ಹಳದಿ ಪಟ್ಟಿ. ನನ್ನ ಗೆಳೆಯ ಮುಂದೆ ಎದೆ ಸೆಟೆಸಿ ಊದುತ್ತಾ ಬರುತ್ತಿದ್ದ. ನನಗೆ ಎಷ್ಟು ಸಂತೋಷವಾಯಿತೆಂದರೆ ಪಕ್ಕದ ದರ್ಜಿಯ ಹೆಗಲು ತಟ್ಟಿದೆ. ಆಮೇಲೆ ದೊಡ್ಡ ಡ್ರಮ್ಮು ಬಂತು. ಅದರ ಚರ್ಮದ ಮೇಲೆ, ಆಳೆತ್ತರ ಎನ್ನಿಸುವ ಹಾಗೆ, ಅಕ್ಕ ನಮಗೆಲ್ಲ ಬೆನ್ನು ಹಾಕಿ ಕುಳಿತು ಮಿಷನ್ನು ತಿರುಗಿಸುತ್ತಿದ್ದರು. ಸುತ್ತಲೂ ಹತ್ತಿರದ ಶನಿವಾರಸಂತೆ ಊರಿನ ಹೊಸ ಕಾಫಿಪುಡಿ ವ್ಯಾಪಾರಿಯ ಹೆಸರು. ಕೆಳಗೆ ಬ್ಯಾಂಡಿನ ಹೆಸರು, ಅದರ ಕೆಳಗೆ ಊರು, ಕೊಡಗು ರಾಜ್ಯ. ಬಡಿಯುವವನು ಬಡಿದಾಗಲೆಲ್ಲ ಚರ್ಮ ಅದುರಿ ಜಡೆಯೂ ಅದುರುತ್ತಿತ್ತು.

ಬೇರೆ ಯಾವನೋ ಪೇಂಟರು ದೊಡ್ಡದು ಮಾಡಿ ಬರೆದದ್ದು ಅದು. ಆದರೆ ಗೆರೆ ನನ್ನದು. ನಾನು ಗುರುತಿಸಿದೆ. ಚಪ್ಪರದಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದ ಸಾಹುಕಾರರೂ ಗುರುತಿಸಿದ್ದರು.

ಮರುದಿನ ಅವರು ನಮ್ಮಿಬ್ಬರನ್ನೂ ಅಂಗಡಿಗೆ ಕರೆಸಿದರು, ನನ್ನನ್ನೂ ಗೆಳೆಯನನ್ನೂ. ಏಲಕ್ಕಿ ಮೂಟೆಗಳ ನಡುವೆ ಬೆಂಚು. ಇಬ್ಬರಿಗೂ ಕಾಫಿ ಬಂತು. ಅವರು ಕೂಗಾಡುವ ಮನುಷ್ಯರಲ್ಲ. ಡ್ರಮ್ಮಿನ ಮೇಲಿನ ಚಿತ್ರ ಎಲ್ಲಿಂದ ಬಂತು ಎಂದು ಮೊದಲು ಗೆಳೆಯನನ್ನು ಕೇಳಿದರು. ಶನಿವಾರಸಂತೆಯವರು ಕೋಟು ಹೊಲಿಸಿಕೊಟ್ಟರು, ಡ್ರಮ್ಮು ಬರೆಸಿಕೊಟ್ಟರು, ಚಿತ್ರದ ವಿಚಾರ ತನಗೇನು ತಿಳಿಯುತ್ತದೆ ಎಂದ ಅವನು. ಸಾಹುಕಾರರು ನನ್ನ ಕಡೆ ತಿರುಗಿದರು.

"ಬೆನ್ನು ಹಾಕಿದೋಳು ನಮ್ಗೆ ಬ್ಯಾಡ ಅಂದೆ. ನೀನು ಅವಳ ಕೈ ಹಿಡ್ದು ಕರ್ಕೊಂಡೋಗಿ ಇನ್ನೊಬ್ರ ಅಂಗ್ಡೀಲಿ ಕೂರ್ಸಿದೆ. ಆಗ್ಲಿ. ಒಂದ್ಮಾತು ಹೇಳ್ಬೇಕಾಗಿತ್ತಲ್ವಾ?"

ನಾನು ಯಾರಿಗೂ ಕೊಟ್ಟಿಲ್ಲ ಎಂದೆ. ಹಾಗಾದರೆ ಆ ಹಾಳೆ ಎಲ್ಲಿದೆ, ತಂದು ತೋರಿಸು ಎಂದರು.

ಇಲ್ಲಿ ನಾನು ನಿಲ್ಲಬೇಕು. ಯಾಕೆಂದರೆ ಆ ಕ್ಷಣವನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ಮತ್ತೆ ಮತ್ತೆ ನಡೆಸಿದ್ದೇನೆ ಎಂದರೆ ನಿಜವಾಗಿ ನಡೆದದ್ದು ಯಾವುದು ಎಂಬುದು ಸವೆದುಹೋಗಿದೆ. ಹಾಳೆ ಅವನ ಮನೆಯ ಗೋಡೆಯ ಮೇಲಿದೆ ಎಂದು ನಾನು ಹೇಳಬಹುದಿತ್ತು. ಹೇಳಿದರೆ ಮುಂದಿನ ಪ್ರಶ್ನೆ ಒಂದೇ: ಅವನ ಮನೆಗೆ ಯಾಕೆ ಕೊಟ್ಟೆ, ಯಾರ ಚಿತ್ರ ಅದು? ಅಂಗಡಿಯಲ್ಲಿ ಗಿರಾಕಿಗಳಿದ್ದರು, ಮೂಟೆ ಹೊರುವವರಿದ್ದರು. ಗಂಡನ ಮನೆ ಬಿಟ್ಟು ಬಂದ ಹೆಂಗಸಿನ ಬೆನ್ನು ಎಂದು ಸಂಜೆಯೊಳಗೆ ಇಡೀ ಪೇಟೆಗೆ ಗೊತ್ತಾಗುತ್ತಿತ್ತು. ನಾನು ಗೆಳೆಯನ ಕಡೆ ನೋಡಿದೆ. ಅವನು ಲೋಟದೊಳಗೆ ನೋಡುತ್ತಿದ್ದ. ಆಮೇಲೆ, ತೀರ ಮೆತ್ತಗೆ, ನನ್ನ ಪರವಾಗಿ ಮಾತನಾಡುವವನ ಹಾಗೆ ಹೇಳಿದ:

"ಅವನ ತಾವ ಇನ್ನೊಂದು ಕಾಪಿ ಇದ್ದಿರ್ಬೋದು ಸಾಹುಕಾರ್ರೆ. ಬರೆಯೋರು, ಒಂದೇ ಬರೀತಾರಾ? ಏನೋ ತಪ್ಪಾಯ್ತು, ಬಿಟ್ಬುಡಿ."

ನಾನು ಬಾಯಿ ಬಿಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅವನ ಅಕ್ಕನ ಹೆಸರನ್ನು ನಾನು ಆ ಅಂಗಡಿಯಲ್ಲಿ ಎತ್ತುವುದಿಲ್ಲ ಎಂಬ ನಂಬಿಕೆಯ ಮೇಲೆ ಅವನು ಆ ಮಾತು ಆಡಿದ್ದ. ನನ್ನನ್ನು ಮಾರಿದ್ದಕ್ಕಿಂತ, ನನ್ನ ಒಳ್ಳೆಯತನವನ್ನೇ ಹತಾರ ಮಾಡಿಕೊಂಡದ್ದು ನನ್ನನ್ನು ಹೆಚ್ಚು ಸುಟ್ಟಿತು. ಹೀಗೆ ಬರೆಯುವಾಗಲೇ ಇನ್ನೊಂದು ದನಿ ಕೇಳುತ್ತದೆ. ಅದು ಒಳ್ಳೆಯತನವೇ ಆಗಿತ್ತೇ, ಅಥವಾ ಆ ಹೊತ್ತಿಗೆ ಮಾತು ಹೊರಡದೆ ಕುಳಿತವನು ಆಮೇಲೆ ಅದಕ್ಕೆ ಒಳ್ಳೆಯ ಹೆಸರಿಟ್ಟನೇ? ಗೊತ್ತಿಲ್ಲ. ಕಾಫಿ ಮುಗಿಸಿದೆನೋ ಬಿಟ್ಟೆನೋ, ಅದೂ ಗೊತ್ತಿಲ್ಲ.

ಅಲ್ಲಿಂದ ನೇರವಾಗಿ ಅವನ ಮನೆಗೆ ಹೋದೆ. ಸಾಹುಕಾರರು ನಂಬದಿದ್ದರೆ ಬೇಡ, ಅಕ್ಕ ನಂಬಬೇಕು. ನನಗೆ ಬೇಕಾಗಿದ್ದುದು ಅಷ್ಟೇ. ಬಾಗಿಲು ಹಾಕಿತ್ತು. ಒಳಗೆ ಮಿಷನ್ನು ತಿರುಗುವ ಸದ್ದು. ಕರೆದೆ. ಸದ್ದು ನಿಂತಿತು. "ಅವನಿಲ್ಲ" ಎಂದಿತು ಅಕ್ಕನ ದನಿ. ನಿಮ್ಮ ಹತ್ತಿರವೇ ಮಾತಾಡಬೇಕು ಅಕ್ಕ, ನಾನು ಕೊಟ್ಟಿಲ್ಲ ಎಂದೆ. ಸ್ವಲ್ಪ ಹೊತ್ತಿಗೆ ಮಿಷನ್ನು ಮತ್ತೆ ತಿರುಗತೊಡಗಿತು.

ಸಾಹುಕಾರರು ಊರಲ್ಲಿ ನನ್ನ ಬಗ್ಗೆ ಕೆಟ್ಟದ್ದೇನೂ ಆಡಲಿಲ್ಲ. ಕೇಳಿದವರಿಗೆ, "ಕೈ ಚೆನ್ನಾಗೈತೆ" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರಂತೆ. ಅಷ್ಟು ಸಾಕಾಯಿತು. ಅಂಗಡಿಯವರು ಹೊಸ ಮಾಲಿನ ಲೇಬಲ್ಲನ್ನು ಮೈಸೂರಿನಲ್ಲೇ ಬರೆಸತೊಡಗಿದರು. ನನಗೆ ಉಳಿದದ್ದು ಗುಟ್ಟೇನೂ ಇಲ್ಲದ ಕೆಲಸಗಳು. ಸೈಕಲ್ ಶಾಪಿನ ಬೋರ್ಡು, ಬಸ್ಸುಗಳ ಹಣೆಯ ಮೇಲಿನ ಊರ ಹೆಸರು. ಇತ್ತ ಅದೇ ಚಿತ್ರ ಹೊತ್ತ ಶನಿವಾರಸಂತೆಯವರ ಕಾಫಿಪುಡಿ ಓಡತೊಡಗಿತು. ಮುಖ ತೋರಿಸಿದ ಹೆಂಗಸಿದ್ದ ಸಾಹುಕಾರರ ಪೊಟ್ಟಣವನ್ನು ಜನ ಒಮ್ಮೆ ನೋಡಿ ಬಿಟ್ಟರು. ಬೆನ್ನು ಹಾಕಿದವಳನ್ನು ಮತ್ತೆ ಮತ್ತೆ ನೋಡಿದರು. "ಜಡೆ ಪುಡಿ ಕೊಡಿ" ಎಂದು ಕೇಳುವುದು ರೂಢಿಯಾಯಿತು. ಅಕ್ಕ ಬಾವಿಗೆ ಹೋದರೆ, "ಜಡೆಯಮ್ಮ ಬಂದ್ಲು, ದಾರಿ ಬಿಡಿ" ಎಂದು ಯಾರೋ ಅಂದರೆಂದು ದರ್ಜಿಯ ಹೆಂಡತಿ ಹೇಳಿದ್ದರು. ನಾನು ಯಾರಿಗೂ ಹೇಳದಿದ್ದರೂ ಬಾವಿಕಟ್ಟೆಯ ಹೆಂಗಸರಿಗೆ ಆ ಬೆನ್ನು ಗೊತ್ತಿರದೆ ಇರುತ್ತದೆಯೇ. ಅಂದರೆ ನನ್ನ ಮೌನದಿಂದ ಅಕ್ಕನಿಗೆ ಉಳಿದದ್ದು ಏನೂ ಇಲ್ಲ.

ಕೆಲವು ವಾರಗಳ ನಂತರ ಬಸ್ಸಿನ ಮಾಲೀಕರೊಬ್ಬರ ಕೆಲಸಕ್ಕೆಂದು ಶನಿವಾರಸಂತೆಗೆ ಹೋದೆ. ಸಂತೆಯ ದಿನ. ಆ ದಿನದ ನನ್ನ ದಿನಚರಿಯಲ್ಲಿ "ಶನಿವಾರಸಂತೆ. ಬಸ್ಸು ತಡ. ತಲೆನೋವು" ಎಂದಷ್ಟೇ ಇದೆ. ಮುಂದೆ ಬರೆಯುವುದಕ್ಕೆಲ್ಲ ನನ್ನ ನೆನಪೊಂದೇ ಆಧಾರ. ಹಸಿಮೆಣಸಿನಕಾಯಿ ರಾಶಿಗಳ ಆಚೆ ಒಂದು ಮೇಜಿನ ಮೇಲೆ ಆ ಪೊಟ್ಟಣಗಳನ್ನು ಗೋಪುರ ಕಟ್ಟಿ ಇಟ್ಟಿದ್ದರು. ಅದುವರೆಗೆ ನಾನು ಹತ್ತಿರದಿಂದ ನೋಡಿರಲಿಲ್ಲ. ನೋಡಲು ಮನಸ್ಸಿರಲಿಲ್ಲ. ಅಂದು ಒಂದು ಕೊಂಡೆ.

ಅಚ್ಚು ಸ್ವಚ್ಛವಾಗಿತ್ತು. ನನ್ನ ಗೆರೆ ಒಂದೂ ತಪ್ಪಿರಲಿಲ್ಲ. ಮತ್ತು ಮಿಷನ್ನಿನ ಹೊಟ್ಟೆಯ ಮೇಲೆ ಒಂದು ಕಪ್ಪು ಬೊಟ್ಟಿತ್ತು.

ಬ್ಲಾಕ್ ಮಾಡುವವರ ಕ್ಯಾಮೆರಾಕ್ಕೆ ಕೆಂಪೂ ಕಪ್ಪೇ. ಹಾಳೆಯ ಮೇಲೆ ಇರುವುದನ್ನೆಲ್ಲ ಅದು ಗೆರೆ ಎಂದು ತಿಳಿಯುತ್ತದೆ. ಮೈಸೂರಿನಲ್ಲಿ ಆ ಬ್ಲಾಕ್ ಮಾಡಿದವರಿಗೆ ಅದು ಕುಂಕುಮ ಎಂದು ಹೊಳೆದಿರಲಿಕ್ಕಿಲ್ಲ. ಮಿಷನ್ನಿನ ಕಂಪನಿ ಗುರುತೆಂದೋ ದೃಷ್ಟಿಬೊಟ್ಟೆಂದೋ ಉಳಿಸಿಕೊಂಡರು. ಡ್ರಮ್ಮಿಗೆ ಬರೆದ ಪೇಂಟರು ಅದನ್ನು ಹಾಳೆಗೆ ಹತ್ತಿದ ಕೊಳೆ ಎಂದುಕೊಂಡು ಬರೆಯದೆ ಬಿಟ್ಟಿದ್ದ. ಆದರೆ ಪೊಟ್ಟಣದ ಮೇಲೆ ಅದು ಇತ್ತು, ಸ್ವಲ್ಪ ಉದ್ದಕ್ಕೆ, ಬೆರಳು ಎತ್ತುವಾಗ ಎಳೆದ ಹಾಗೆ. ನಾನು ಚಿತ್ರ ಕೊಟ್ಟ ಮೇಲೆ ಬಿದ್ದ ಬೊಟ್ಟು ಅದು. ನನ್ನ ಬಳಿ ಇನ್ನೊಂದು ಪ್ರತಿ ಇದ್ದಿದ್ದರೂ ಅದರ ಮೇಲೆ ಇರಲು ಸಾಧ್ಯವಿರಲಿಲ್ಲ. ಅವನು ಚೌಕಟ್ಟು ಹಾಕಿಸಲು ಒಯ್ದ ಹಾಳೆ ಮೊದಲು ಕ್ಯಾಮೆರಾದ ಮುಂದೆ ನಿಂತು, ಆಮೇಲೆ ಗಾಜಿನೊಳಗೆ ಹೋಗಿತ್ತು.

ಸಂತೆಯ ಮಧ್ಯೆ ನಿಂತ ನನಗೆ ಆದದ್ದು ಸಂತೋಷ. ಹೌದು, ಸಂತೋಷವೇ. ಗೆಳೆಯ ಕಳ್ಳನೆಂದು ಖಚಿತವಾದದ್ದಕ್ಕೆ ಅಲ್ಲ. ಅಕ್ಕನಿಗೆ ತೋರಿಸಲು ಒಂದು ಸಾಕ್ಷಿ ಸಿಕ್ಕಿತಲ್ಲ ಎಂದು. ತಮ್ಮದೇ ಬೆರಳ ಗುರುತನ್ನು ಅವರು ಅಲ್ಲಗಳೆಯಲಾರರು.

ಮರುದಿನ ಅವನು ಎಲ್ಲೋ ನುಡಿಸಲು ಹೋಗಿದ್ದ ಹೊತ್ತು ನೋಡಿ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಅಕ್ಕ ಎಂದಿನಂತೆ ಮಿಷನ್ನಿನ ಮುಂದೆ ಇದ್ದರು. ಮೂಲೆಯಲ್ಲಿ ಗಾಜಿನೊಳಗೆ ಚಿತ್ರವಿತ್ತು, ಬೊಟ್ಟು ಕಂದಿತ್ತು. ನಾನು ಹೊಸ್ತಿಲ ಆಚೆಯೇ ನಿಂತು ಪೊಟ್ಟಣವನ್ನು ಒಳಗೆ ನೂಕಿ, ಚಿತ್ರದ ಮಿಷನ್ನಿನ ಮೇಲೆ ಏನಿದೆ ನೋಡಿ ಅಕ್ಕ ಎಂದೆ.

ಅವರು ತಿರುಗಿದರು. ಪೊಟ್ಟಣವನ್ನು ಎತ್ತಿಕೊಳ್ಳಲಿಲ್ಲ. ನನ್ನನ್ನೇ ನೋಡಿದರು. ಅಷ್ಟು ವರ್ಷಗಳಲ್ಲಿ ಅವರ ಮುಖವನ್ನು ನಾನು ಅಷ್ಟು ಹೊತ್ತು ಎದುರಿನಿಂದ ನೋಡಿದ್ದು ಅದೇ ಮೊದಲು. ಸಾಹುಕಾರರಿಗಾಗಿ ನಾನು ಕಟ್ಟಿದ ಆ ನಗುವ ಮುಖಕ್ಕೂ ಇದಕ್ಕೂ ಎಲ್ಲಿಯ ಸಂಬಂಧ.

"ಆ ಮದ್ವೆಗೂ ಮುಂಚೆ ಮೊದಲ್ನೇ ಪೊಟ್ಟಣ ಇಲ್ಲಿಗೇ ಬಂದಿತ್ತು. ಅವನೇ ತಂದ" ಎಂದರು. "ನಾನಿಟ್ಟ ಬೊಟ್ಟು ನಂಗೆ ಗೊತ್ತಾಗಲ್ವಾ."

ಹಾಗಾದರೆ ಅಂದು ಬಾಗಿಲು ಯಾಕೆ ತೆಗೆಯಲಿಲ್ಲ ಎಂದು ಕೇಳಿದೆ. ನನ್ನ ದನಿ ಏರಿತ್ತು ಎಂದು ಕಾಣುತ್ತದೆ. ಅವರು ಬೀದಿಯ ಕಡೆ ಒಮ್ಮೆ ನೋಡಿದರು.

"ನಿನ್ನ ಮೇಲೆ ಕೋಪ ಮಾಡ್ಕೊಂಡ್ರೆ ನೀನು ನಿನ್ನ ಮನೆಗೆ ಹೋಗ್ತೀಯ ಕಣಪ್ಪ. ಅವನ ಮೇಲೆ ಮಾಡ್ಕೊಂಡ್ರೆ ನಾನು ಯಾರ ಮನೆಗೆ ಹೋಗ್ಲಿ?"

ಅವರು ಸೆರಗಿಗೆ ಕೈ ಒರೆಸಿಕೊಂಡರು.

"ನೀನು ಕೊಟ್ಟಿದ್ದು ಅಂತ್ಲೇ ಇರ್ಲಿ. ಅವನೂ ಹಂಗೇ ಅಂದ್ಕೊಂಡಿರ್ಲಿ, ನಂಗೆ ತಿಳೀಲಿಲ್ಲ ಅಂತ. ಯಾರಿಗೂ ಹೇಳ್ಬ್ಯಾಡ."

ಹೀಗೆ ನಾನು ಅವರಿಗೆ ಎರಡನೆಯ ಮಾತು ಕೊಟ್ಟೆ. ಕೊಟ್ಟೆನೇ? ತಲೆಯಾಡಿಸಿದ್ದು ನೆನಪಿದೆ. ಅವರು ಪೊಟ್ಟಣವನ್ನು ಹೊಸ್ತಿಲಾಚೆಗೆ ನನ್ನ ಕಡೆ ಸರಿಸಿ ಮಿಷನ್ನಿನ ಬಳಿಗೆ ಹೋದರು. ಬೀದಿಗೆ ಇಳಿದ ಮೇಲೆ ನನಗೆ ಅನ್ನಿಸಿದ್ದು ಒಂದೇ. ಅವನು ಮೋಸ ಮಾಡಿದ್ದು ಕೋಟಿನ ಆಸೆಗೆ. ಇವರು ಮಾಡಿದ್ದು ತಲೆಯ ಮೇಲಿನ ಸೂರಿಗೆ. ಎರಡನೆಯದನ್ನು ನಾನು ಕ್ಷಮಿಸಬೇಕಿತ್ತು. ಕ್ಷಮಿಸಿದ್ದೇನೆ ಎಂದು ಎಷ್ಟೋ ಕಾಲ ನಂಬಿಕೊಂಡಿದ್ದೆ. ಆದರೆ ನೋವು ಹೆಚ್ಚಾಗಿ ಇರುವುದು ಅಲ್ಲೇ. ಅವನು ನನ್ನನ್ನು ಕಳ್ಳ ಎಂದು ಬೇರೆಯವರಿಗೆ ನಂಬಿಸಿದ. ಇವರು ನಾನು ಕಳ್ಳನಲ್ಲ ಎಂದು ಗೊತ್ತಿದ್ದೂ ಬಾಗಿಲ ಹಿಂದೆ ಮಿಷನ್ನು ತಿರುಗಿಸಿದರು. ಅಕ್ಕ ಈಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅವರಿದ್ದಷ್ಟು ದಿನ ಯಾರಿಗೂ ಹೇಳಲಿಲ್ಲ.

ಆಮೇಲಿನ ಆಯುಧಪೂಜೆಗಳಲ್ಲಿ ನನ್ನ ಬ್ರಷ್ಷುಗಳಿಗೆ ನಾನೇ ಕುಂಕುಮ ಇಟ್ಟುಕೊಂಡೆ. ಗೆಳೆಯ ದಾರಿಯಲ್ಲಿ ಸಿಕ್ಕರೆ ಕೈಯೆತ್ತುತ್ತಿದ್ದ. ನಾನೂ ಎತ್ತುತ್ತಿದ್ದೆ. ಅಷ್ಟರಲ್ಲಿ ಕೊಡಗು ಮೈಸೂರಿಗೆ ಸೇರಿತು. ಅದರ ಬಗ್ಗೆ ಪೇಟೆಯಲ್ಲಿ ಬೇಕೆನ್ನುವವರೂ ಬೇಡವೆನ್ನುವವರೂ ಇದ್ದರು. ನನ್ನ ಪಾಲಿಗೆ ಬಂದದ್ದು ಕೆಲಸ. ಊರ ತುಂಬ ಬೋರ್ಡುಗಳ ಮೇಲೆ ಕೊಡಗು ರಾಜ್ಯ ಎಂದು ನಾನೇ ಬರೆದದ್ದನ್ನು ನಾನೇ ಅಳಿಸಿ ಮೈಸೂರು ರಾಜ್ಯ ಎಂದು ಬರೆಯುತ್ತಾ ಹೊರಟೆ.

ಒಂದು ಮಧ್ಯಾಹ್ನ ಅವನು ದೊಡ್ಡ ಡ್ರಮ್ಮನ್ನು ಹೊತ್ತು ತಂದು ನನ್ನ ಕೋಣೆಯ ಬಾಗಿಲಲ್ಲಿ ಇಳಿಸಿದ. ಕೋಟು ಮೊಣಕೈಯಲ್ಲಿ ಸವೆದಿತ್ತು. ಒಂದೆರಡು ಗುಂಡಿ ಬೇರೆ ಜಾತಿಯವು.

"ಇನ್ನೂ ಸಿಟ್ಟಿಟ್ಕೊಂಡಿದೀಯಾ ಬಿ.ಎ.?" ಎಂದು ನಕ್ಕ. ನಾನು ಬಣ್ಣ ಕಲಸುತ್ತಲೇ ಇದ್ದೆ. "ಚಿತ್ರ ಇದ್ದಂಗೇ ಇರ್ಲಿ. ರಾಜ್ಯ ಮಾತ್ರ ಅಳ್ಸಿ ಬರಿ. ಸಂಜೆ ಬತ್ತೀನಿ."

ಅವನು ಹೋದ ಮೇಲೆ ಡ್ರಮ್ಮನ್ನು ಒಳಗೆ ಉರುಳಿಸಿಕೊಂಡೆ. ಬಡಿದು ಬಡಿದು ಚರ್ಮದ ನಡುವೆ ಬಣ್ಣ ಎದ್ದಿತ್ತು. ಬೆನ್ನು ಅರ್ಧ ಹೋಗಿತ್ತು, ಜಡೆ ಇತ್ತು. ಅದನ್ನು ಪೂರ್ತಿ ಅಳಿಸಿಬಿಡಬಹುದಿತ್ತು. ಬಿಳಿ ಬಣ್ಣದ ಡಬ್ಬ ಪಕ್ಕದಲ್ಲೇ ಇತ್ತು, ಬ್ರಷ್ಷನ್ನು ಅದ್ದಿದ್ದೂ ಆಗಿತ್ತು. ಅಳಿಸಲಿಲ್ಲ. ಕೆಳಗಿನ ಸಾಲನ್ನು ಮುಚ್ಚಿ, ಒಣಗಿಸಿ, ಮೈಸೂರು ರಾಜ್ಯ ಎಂದು ಬರೆದೆ. ಆಮೇಲೆ ಬ್ರಷ್ಷು ಇಟ್ಟು, ತೋರುಬೆರಳನ್ನು ಕೆಂಪು ಬಣ್ಣದಲ್ಲಿ ಅದ್ದಿ, ಮಿಷನ್ನಿನ ಹೊಟ್ಟೆಯ ಮೇಲೆ, ಎಲ್ಲಿರಬೇಕೋ ಅಲ್ಲಿ, ಒಂದು ಬೊಟ್ಟಿಟ್ಟೆ. ಅಕ್ಕ ಎತ್ತಿದ ಹಾಗೆಯೇ ಬೆರಳನ್ನು ಸ್ವಲ್ಪ ಎಳೆದು ಎತ್ತಿದೆ.

ಸಂಜೆ ಬಂದವನು ಮೊದಲು ಅಕ್ಷರ ನೋಡಿದ. ಚೆನ್ನಾಗಿದೆ ಎಂದ. ಆಮೇಲೆ ಅವನ ಕಣ್ಣು ಮೇಲಕ್ಕೆ ಹೋಯಿತು. ಅಲ್ಲೇ ನಿಂತಿತು. ಅವನು ಕೈಚಾಚಿ ಬೊಟ್ಟನ್ನು ಮುಟ್ಟಿದ. ಬಣ್ಣ ಬೆರಳಿಗೆ ಹತ್ತಿತು. ಹತ್ತಿತೆಂದೇ ನನ್ನ ನೆನಪು. ಆ ಬೆರಳನ್ನು ಅವನು ಕೋಟಿಗೆ ಒರೆಸಿಕೊಂಡ, ಕೆಂಪಿನ ಮೇಲೆ ಕೆಂಪು ಕಾಣಲಿಲ್ಲ.

ಇನ್ನೂ ಒಣಗಿಲ್ಲ ಎಂದೆ.

"ದಾರೀಲಿ ಒಣಗ್ತದೆ" ಎಂದು ಅವನು ಡ್ರಮ್ಮನ್ನು ಎತ್ತಿಕೊಂಡ. ಚಿತ್ರವನ್ನು ತನ್ನ ಎದೆಯ ಕಡೆ ತಿರುಗಿಸಿಕೊಂಡು, ಯಾರಿಗೂ ಕಾಣದ ಹಾಗೆ ಹೊತ್ತು, ಅಕ್ಕ ಇದ್ದ ಮನೆಯ ದಾರಿ ಹಿಡಿದ.